ಮನೆಯಲ್ಲೇ ಕಟ್ಟಿದ ಹಾಟ್‌ರಾಡ್: ಪೆಟ್ರೋಲು ಪೋಲಾಗುವುದೆಲ್ಲಿ, ಉಳಿಸುವುದು ಹೇಗೆ

1932ರ ಫೋರ್ಡ್ ರೋಡ್‌ಸ್ಟರಿನ ಮೈ, 350 ಘನ ಇಂಚಿನ ಷೆವರ್ಲೆ ವಿ8 ಎಂಜಿನ್, ಮೂರು ಗೇರಿನ ಟರ್ಬೊ 350 ಆಟೊಮ್ಯಾಟಿಕ್, ಹಿಂದೆ ಫೋರ್ಡಿನ 9 ಇಂಚಿನ ಆಕ್ಸಲ್. ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಹುಟ್ಟುವ ಹಾಟ್‌ರಾಡ್‌ಗಳಲ್ಲಿ, ಅಂದರೆ ಹಳೆಯ ಕಾರಿನ ಮೈಗೆ ಬಲವಾದ ಎಂಜಿನ್ ಕೂರಿಸಿ ಮರುಕಟ್ಟಿದ ಗಾಡಿಗಳಲ್ಲಿ, ಈ ಜೋಡಣೆ ಸರ್ವೇಸಾಮಾನ್ಯ. ಗಾಡಿಯ ತೂಕ 1,100 ಕಿಲೋ ಆಸುಪಾಸು, ಇವತ್ತಿನ ಮಧ್ಯಮ ಗಾತ್ರದ ಸೆಡಾನಿಗಿಂತ ಹಗುರ. ಹಾಗಿದ್ದೂ ಹೆದ್ದಾರಿಯಲ್ಲಿ ಲೀಟರಿಗೆ 5 ಕಿ.ಮೀ. ಕೊಡಲು ಒದ್ದಾಡುವ ರಾಡ್‌ಗಳಿವೆ; ಅದೇ ಎಂಜಿನ್ನಿನಲ್ಲಿ 8 ದಾಟುವವೂ ಇವೆ. ಕಟ್ಟುವವರು ಬಿಡಿಭಾಗ ಆರಿಸುವಾಗ ಆಕ್ಸಿಲರೇಟರನ್ನು ಪೂರ್ತಿ ತುಳಿಯುವ ಹತ್ತು ಸೆಕೆಂಡನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಗಾಡಿ ತನ್ನ ಆಯುಷ್ಯದ ಬಹುಪಾಲು ಓಡುವುದು ಪೆಡಲನ್ನು ಕೊಂಚವೇ ಒತ್ತಿದ ಸ್ಥಿತಿಯಲ್ಲಿ. ಪೆಟ್ರೋಲು ಪೋಲಾಗುವುದು ಅಲ್ಲೇ.

ಈ ಹವ್ಯಾಸಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ನಂಥ ಒಣ ಸರೋವರಗಳೇ ತವರು. ಅಲ್ಲಿನ ವೇಗದ ಓಟಗಳನ್ನು ನಡೆಸಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಆಗ ಮೈಲೇಜ್ ಯಾರಿಗೂ ಬೇಕಿರಲಿಲ್ಲ. 1973ರ ತೈಲ ಬಿಕ್ಕಟ್ಟು, ಅದರ ಬೆನ್ನಿಗೇ 1974ರಲ್ಲಿ ಬಂದ ಗಂಟೆಗೆ 55 ಮೈಲಿಯ ರಾಷ್ಟ್ರೀಯ ವೇಗಮಿತಿ, ಎರಡೂ ಸೇರಿ ಕಾರು ಕಂಪನಿಗಳನ್ನು ಓವರ್‌ಡ್ರೈವ್ (ಹೆದ್ದಾರಿ ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಮೇಲಿನ ಗೇರು) ಇರುವ ಗೇರುಪೆಟ್ಟಿಗೆಗಳ ಕಡೆಗೆ ದೂಡಿದವು. ಇಂದು ರಾಡ್ ಕಟ್ಟುವವರಿಗೆ ಮೈಲೇಜ್ ತಂದುಕೊಡುವ ಮುಖ್ಯ ಭಾಗ ಆ ಒತ್ತಡದಿಂದಲೇ ಬಂದದ್ದು. ಭಾರತದಲ್ಲಿ ಇಂಥ ಕಟ್ಟೋಣಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ, ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲ. ಹಾಗಾಗಿ ಮುಂದೆ ಬರುವ ಲೆಕ್ಕಗಳೆಲ್ಲ ಅಮೆರಿಕದ ರಸ್ತೆ, ಅಲ್ಲಿನ ಪೆಟ್ರೋಲು, ಅಲ್ಲಿ ಸಿಗುವ ಭಾಗಗಳಿಗೆ ಸಂಬಂಧಿಸಿದವು. ಅಲ್ಲಿ ನೆಲೆಸಿ ಇದಕ್ಕೆ ಕೈಹಾಕಿರುವ ಕನ್ನಡಿಗರಿಗೆ ನೇರವಾಗಿ ಒದಗುತ್ತವೆ. ಕಿಡಿ ಮತ್ತು ಮಿಶ್ರಣದ ಭಾಗವಂತೂ ಹಳೆಯ ಕಾರ್ಬುರೇಟರ್ ಜೀಪು ಇಟ್ಟುಕೊಂಡವರಿಗೂ ತತ್ತ್ವದ ಮಟ್ಟಿಗೆ ಅನ್ವಯಿಸುತ್ತದೆ.

ಹೆದ್ದಾರಿಯಲ್ಲಿ ಬೇಕಾಗುವ ಶಕ್ತಿ ಎಷ್ಟು?

ಫೆಂಡರ್ ಇಲ್ಲದ, ಗಾಜು ನೆಟ್ಟಗೆ ನಿಂತ ರೋಡ್‌ಸ್ಟರ್ ಗಾಳಿಗೆ ಎದೆಯೊಡ್ಡಿ ಓಡುತ್ತದೆ. ಅದರ ಮುಂಭಾಗದ ವಿಸ್ತೀರ್ಣವನ್ನು ಗಾಳಿತಡೆಯ ಗುಣಾಂಕದಿಂದ ಗುಣಿಸಿದರೆ 1.2 ಚದರ ಮೀಟರ್ ಬರುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 105 ಕಿ.ಮೀ. ವೇಗದಲ್ಲಿ, ಅಂದರೆ 65 ಮೈಲಿಯಲ್ಲಿ, ಗಾಳಿಯನ್ನು ಸರಿಸಲು ಸುಮಾರು 18 ಕಿಲೋವ್ಯಾಟ್ ಬೇಕು. ಟೈರು ಉರುಳಲು 5 ಕಿಲೋವ್ಯಾಟ್‌ಗೆ ಸ್ವಲ್ಪ ಕಡಿಮೆ. ಗೇರುಪೆಟ್ಟಿಗೆ, ಆಕ್ಸಲ್‌ಗಳಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ಎಂಜಿನ್ ಕೊಡಬೇಕಾದದ್ದು 25 ಕಿಲೋವ್ಯಾಟ್ ಚಿಲ್ಲರೆ, ಸುಮಾರು 34 ಅಶ್ವಶಕ್ತಿ. 300 ಅಶ್ವಶಕ್ತಿಯ ಎಂಜಿನ್ ತನ್ನ ಸಾಮರ್ಥ್ಯದ ಒಂಬತ್ತನೇ ಒಂದು ಭಾಗದಲ್ಲಿ ದುಡಿಯುತ್ತಿದೆ.

ದಕ್ಷತೆ ಕುಸಿಯುವುದು ಇಲ್ಲಿ. ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುವುದರಿಂದ ಪಿಸ್ಟನ್ನುಗಳು ಎಳನೀರಿನ ಕೊಳವೆಯನ್ನು ಬೆರಳಲ್ಲಿ ಹಿಚುಕಿ ಹೀರಿದ ಹಾಗೆ ಗಾಳಿಯನ್ನು ಎಳೆದುಕೊಳ್ಳಬೇಕು. ಇದರ ಮೇಲೆ ಎಂಟು ಸಿಲಿಂಡರುಗಳ ಘರ್ಷಣೆ. ಈ ಸ್ಥಿತಿಯಲ್ಲಿ ಪೆಟ್ರೋಲಿನ ಶಕ್ತಿಯ ಶೇ. 20ರಷ್ಟು ಮಾತ್ರ ಚಕ್ರದ ಕಡೆಗೆ ಹೋಗುತ್ತಿದೆ ಎಂದುಕೊಂಡರೆ ಗಂಟೆಗೆ 14 ಲೀಟರಿನಷ್ಟು ಪೆಟ್ರೋಲು ಬೇಕು, ಲೀಟರಿಗೆ 7.3 ಕಿ.ಮೀ. ಸಿಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಗ್ಯಾಲನ್ನಿಗೆ 17 ಮೈಲಿ. ದಕ್ಷತೆಯನ್ನು ಶೇ. 23ಕ್ಕೆ ಏರಿಸಿದರೆ 8.4 ಕಿ.ಮೀ. ಬರುತ್ತದೆ, ಎಂಜಿನ್ ಬದಲಿಸದೆ. ವೇಗವನ್ನು ಗಂಟೆಗೆ 88 ಕಿ.ಮೀ.ಗೆ ಇಳಿಸಿದರೆ ಗಾಳಿಗೆ ಬೇಕಾದ ಶಕ್ತಿ 11 ಕಿಲೋವ್ಯಾಟ್ ಆಸುಪಾಸಿಗೆ ಬೀಳುತ್ತದೆ, ಏಕೆಂದರೆ ಅದು ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಮೈ ಅಷ್ಟು ಒರಟಾಗಿರುವ ಗಾಡಿಗೆ ವೇಗ ಇಳಿಸುವಷ್ಟು ಅಗ್ಗದ ಉಪಾಯ ಬೇರೊಂದಿಲ್ಲ.

ಅಳತೆ ಸರಿಯಿಲ್ಲದೆ ಏನೂ ತಿಳಿಯದು

ಹಾಟ್‌ರಾಡಿನ ಓಡೋಮೀಟರನ್ನು ನಂಬಬೇಡಿ. ಅದರ ಕೇಬಲ್ ಗೇರು ಯಾವುದೋ ಕಾರಿನ ಟೈರು ಮತ್ತು ಆಕ್ಸಲ್ ಅನುಪಾತಕ್ಕೆ (ಚಕ್ರ ಒಂದು ಸುತ್ತು ಬರಲು ಗೇರುಪೆಟ್ಟಿಗೆಯಿಂದ ಬರುವ ದಂಡ ತಿರುಗುವ ಸುತ್ತುಗಳ ಸಂಖ್ಯೆ) ಲೆಕ್ಕ ಹಾಕಿದ್ದು. ಅಂತರರಾಜ್ಯ ಹೆದ್ದಾರಿಯ ಮೈಲಿಗಲ್ಲುಗಳ ನಡುವೆ ಕನಿಷ್ಠ 10 ಮೈಲಿ ಓಡಿಸಿ ನೋಡಿ. ಓಡೋಮೀಟರ್ 10.8 ತೋರಿಸಿದರೆ ಅದರ ಪ್ರತಿ ಲೆಕ್ಕವನ್ನೂ 0.926ರಿಂದ ಗುಣಿಸಬೇಕು. ಇದನ್ನು ಮಾಡದೆ ‘20 ಮೈಲಿ ಬರುತ್ತದೆ’ ಎನ್ನುವ ಗಾಡಿ ನಿಜಕ್ಕೂ 18.5 ಕೊಡುತ್ತಿರುತ್ತದೆ. ಜಿಪಿಎಸ್ ಬಳಸಿದರೂ ಆಗುತ್ತದೆ.

ಟ್ಯಾಂಕು ತುಂಬಿಸುವಾಗಲೂ ದೋಷ ನುಸುಳುತ್ತದೆ. ಗಾಳಿ ಹೊರಹೋಗುವ ಕೊಳವೆ ಸಣ್ಣದಿದ್ದರೆ ಪಂಪು ಬೇಗ ನಿಲ್ಲುತ್ತದೆ, ಒಂದು ಸಲ 38 ಲೀಟರಿಗೆ, ಇನ್ನೊಂದು ಸಲ 40ಕ್ಕೆ. ಅಷ್ಟರಿಂದಲೇ ಫಲಿತಾಂಶ ಶೇ. 5 ಆಚೀಚೆ ಆಗುತ್ತದೆ. ಒಂದೇ ಬಂಕು, ಒಂದೇ ಪಂಪು, ಗಾಡಿ ಒಂದೇ ಕಡೆಗೆ ಮುಖ ಮಾಡಿ ನಿಂತಿರಬೇಕು. ಮೂರು ಟ್ಯಾಂಕುಗಳ ಸರಾಸರಿಗಿಂತ ಕಡಿಮೆ ದಾಖಲೆಯ ಮೇಲೆ ಯಾವ ತೀರ್ಮಾನಕ್ಕೂ ಬರಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ತೂತಿನ ಬಿಡಿಭಾಗ), ಟೈಮಿಂಗ್ (ಕಿಡಿ ಹಾರುವ ಹೊತ್ತು) ಎರಡನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ಗೊತ್ತಾಗುವುದಿಲ್ಲ.

ಗೇರು

ಹಣ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತಿಳಿಯಲು ಕಿ.ಮೀ. ವೇಗವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ, ಮತ್ತೆ 209ರಿಂದ ಗುಣಿಸಿ, ಇಂಚಿನಲ್ಲಿ ಅಳೆದ ಟೈರಿನ ವ್ಯಾಸದಿಂದ ಭಾಗಿಸಿ. ಓವರ್‌ಡ್ರೈವ್ ಇದ್ದರೆ ಅದರ ಅನುಪಾತದಿಂದಲೂ ಗುಣಿಸಿ. 28 ಇಂಚಿನ ಟೈರು, 3.70 ಆಕ್ಸಲ್, ಗಂಟೆಗೆ 105 ಕಿ.ಮೀ. ಇದ್ದಾಗ ಟರ್ಬೊ 350ರ ಮೂರನೇ ಗೇರಿನಲ್ಲಿ 2,900 ಸುತ್ತು ಬರುತ್ತದೆ. ಅದೇ ಆಕ್ಸಲ್‌ಗೆ ಜನರಲ್ ಮೋಟರ್ಸಿನ ಓವರ್‌ಡ್ರೈವ್ ಆಟೊಮ್ಯಾಟಿಕ್ 700ಆರ್4 ಕೂರಿಸಿದರೆ ನಾಲ್ಕನೇ ಗೇರಿನ ಅನುಪಾತ 0.70, ಸುತ್ತು 2,030ಕ್ಕೆ ಇಳಿಯುತ್ತದೆ. ಅಷ್ಟೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ಕೊಡಬೇಕಾದ್ದರಿಂದ ಥ್ರಾಟಲ್ ಇನ್ನಷ್ಟು ತೆರೆದುಕೊಳ್ಳುತ್ತದೆ, ಹೀರುವ ಶ್ರಮವೂ ಘರ್ಷಣೆಯೂ ಒಟ್ಟಿಗೇ ತಗ್ಗುತ್ತವೆ.

ಇನ್ನೂ ಇಳಿಸಿದರೆ ಇನ್ನೂ ಉಳಿತಾಯ ಎಂದು 3.00 ಆಕ್ಸಲ್ ಜೊತೆ 700ಆರ್4 ಹಾಕುವವರಿದ್ದಾರೆ. 1,650 ಸುತ್ತಿಗೆ ಬಂದ ಎಂಜಿನ್, ಅದರಲ್ಲೂ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆದು ಮುಚ್ಚುವ ದಂಡ) ಸ್ವಲ್ಪ ‘ಬಿಸಿ’ಯಾಗಿದ್ದರೆ, ಅಂದರೆ ಹೆಚ್ಚು ಸುತ್ತಿನ ಶಕ್ತಿಗೆಂದು ಮಾಡಿದ್ದಾದರೆ, ಮುಲುಗುತ್ತದೆ, ಗಾಡಿ ಜಗ್ಗುತ್ತದೆ, ಚಾಲಕ ಪದೇಪದೇ ಮೂರನೇ ಗೇರಿಗೆ ಇಳಿಸುತ್ತಾನೆ. ಉಳಿದದ್ದು ಅಲ್ಲೇ ಹೋಗುತ್ತದೆ. ಸಾಧಾರಣ ಕ್ಯಾಮ್ ಇರುವ 350ಕ್ಕೆ 1,900ರಿಂದ 2,200ರ ನಡುವೆ ಹೆದ್ದಾರಿ ಸುತ್ತು ಕೂರುವ ಹಾಗೆ ಆಕ್ಸಲ್ ಆರಿಸುವುದು ಸರಿ. ಓವರ್‌ಡ್ರೈವಿಗೆ ಹಣವಿಲ್ಲದಿದ್ದರೆ ಟರ್ಬೊ 350 ಇಟ್ಟುಕೊಂಡು ಆಕ್ಸಲನ್ನು 3.00ಕ್ಕೆ ಬದಲಿಸಿ, ಸುತ್ತು 2,350ಕ್ಕೆ ಬರುತ್ತದೆ. ಗಾಡಿ ಹಗುರವಾದ್ದರಿಂದ ಸಿಗ್ನಲ್ಲಿನಿಂದ ಹೊರಡುವಾಗ ಕೊರತೆ ಅಷ್ಟಾಗಿ ಕಾಣಿಸದು. ಮ್ಯಾನುವಲ್ ಬಯಸುವವರಿಗೆ ಮಸ್ಟಾಂಗ್ 5.0ರಲ್ಲಿ ಬರುತ್ತಿದ್ದ ಟಿ5 ಇದೆ, ಐದನೇ ಗೇರು 0.68. ಭಾರೀ ಟಾರ್ಕ್‌ಗೆ ಅದು ಹೇಳಿ ಮಾಡಿಸಿದ್ದಲ್ಲ, ಅಗಲ ಟೈರು ಹಾಕಿ ಗೇರುಗಳನ್ನು ಒರಟಾಗಿ ಬದಲಿಸಿದರೆ ಹಲ್ಲು ಮುರಿಯುತ್ತದೆ.

700ಆರ್4 ಹಾಕುವವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಟಿವಿ ಕೇಬಲ್, ಕಾರ್ಬುರೇಟರಿನಿಂದ ಗೇರುಪೆಟ್ಟಿಗೆಗೆ ಹೋಗುವ ತಂತಿ. ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ಗೇರುಪೆಟ್ಟಿಗೆಗೆ ತಿಳಿಸಿ ಒಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುವುದು ಅದು. ಅದು ಬರೀ ಗೇರು ಬದಲಾಗುವ ಹೊತ್ತನ್ನು ನಿರ್ಧರಿಸುವ ತಂತಿ ಎಂದುಕೊಂಡು ಸಡಿಲ ಬಿಟ್ಟರೆ ಒತ್ತಡ ಸಾಲದೆ 3-4 ಕ್ಲಚ್ಚು ಸುಟ್ಟುಹೋಗುತ್ತದೆ. ಹಾಲಿ ಅಥವಾ ಎಡೆಲ್‌ಬ್ರಾಕ್ ಕಾರ್ಬುರೇಟರಿನ ಥ್ರಾಟಲ್ ಕೈ ಜನರಲ್ ಮೋಟರ್ಸಿನ ಮೂಲ ಕಾರ್ಬುರೇಟರಿನಂತೆ ತಿರುಗುವುದಿಲ್ಲ, ಆದ್ದರಿಂದ ಅದಕ್ಕೆಂದೇ ಸಿಗುವ ತಿದ್ದುಪಡಿ ಬ್ರಾಕೆಟ್ ಹಾಕಲೇಬೇಕು. ಪೂರ್ತಿ ಥ್ರಾಟಲ್ ತೆರೆದಾಗ ಕೇಬಲ್ ತನ್ನ ಕೊನೆಯವರೆಗೂ ಎಳೆದುಕೊಂಡಿರಬೇಕು. ಎರಡನೆಯದು ಲಾಕಪ್. ಟಾರ್ಕ್ ಕನ್ವರ್ಟರಿನ (ಎಂಜಿನ್ನನ್ನು ಗೇರುಪೆಟ್ಟಿಗೆಗೆ ಎಣ್ಣೆಯ ಮೂಲಕ ಜೋಡಿಸುವ ಭಾಗ) ಒಳಗಿನ ಈ ಕ್ಲಚ್ಚನ್ನು ಮೂಲ ಕಾರಿನಲ್ಲಿ ಕಂಪ್ಯೂಟರ್ ಹಿಡಿಸುತ್ತಿತ್ತು. ರಾಡಿನಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ 12 ವೋಲ್ಟಿನ ತಂತಿಯನ್ನು ಬ್ರೇಕ್ ಸ್ವಿಚ್, ನಾಲ್ಕನೇ ಗೇರಿನ ಒತ್ತಡದ ಸ್ವಿಚ್‌ಗಳ ಮೂಲಕ ಕೊಡಬೇಕು. ವ್ಯಾಕ್ಯೂಮ್ ಸ್ವಿಚ್ ಒಂದನ್ನೂ ಸೇರಿಸಿದರೆ ಏರು ಬಂದಾಗ ತಾನೇ ಬಿಡುತ್ತದೆ. ತಂತಿ ಜೋಡಿಸದೆ ಓಡಿಸಿದರೆ ಕನ್ವರ್ಟರ್ ಇಡೀ ದಾರಿ ಜಾರುತ್ತಾ ಎಣ್ಣೆಯನ್ನು ಕಾಯಿಸುತ್ತದೆ. ರೇಸಿಂಗ್ ಹೆಸರಿನಲ್ಲಿ 2,800 ಸುತ್ತಿನ ಸ್ಟಾಲ್ ಕನ್ವರ್ಟರ್ (ಸುಮಾರು ಆ ಸುತ್ತಿನವರೆಗೂ ಹೆಚ್ಚು ಜಾರುವಂಥದು) ಹಾಕಿ 2,000 ಸುತ್ತಿನಲ್ಲಿ ಹೆದ್ದಾರಿ ಓಡಿಸುವುದು ಲಾಕಪ್ ಇಲ್ಲದ ಗಾಡಿಗೆ ಸಂಪೂರ್ಣ ತಪ್ಪು ಆಯ್ಕೆ.

ಕಿಡಿ

ಖರ್ಚೇ ಇಲ್ಲದೆ ಮೈಲೇಜ್ ಏರಿಸುವ ಜಾಗ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್, ಎಂಜಿನ್ನಿನ ಹೀರುವಿಕೆಯನ್ನು ಬಳಸಿ ಹಗುರ ಥ್ರಾಟಲ್ಲಿನಲ್ಲಿ ಕಿಡಿಯನ್ನು ಬೇಗ ಹಾರಿಸುವ ಸಾಧನ. ಆದರೆ ಎಷ್ಟೋ ರಾಡ್‌ಗಳಲ್ಲಿ ಅದರ ಕೊಳವೆಯನ್ನು ಕಿತ್ತು ಮುಚ್ಚಿಬಿಟ್ಟಿರುತ್ತಾರೆ, ರೇಸ್ ಕಾರುಗಳಲ್ಲಿ ಅದು ಇರುವುದಿಲ್ಲ ಎಂಬ ಕಾರಣಕ್ಕೆ. ರೇಸ್ ಕಾರು ಅರ್ಧ ಥ್ರಾಟಲ್ಲಿನಲ್ಲಿ ಓಡುವುದೇ ಇಲ್ಲ, ಅದಕ್ಕೆ ಬೇಕಿಲ್ಲ. ಹೆದ್ದಾರಿಯಲ್ಲಿ ಸಿಲಿಂಡರಿನೊಳಗೆ ಮಿಶ್ರಣ ವಿರಳವಾಗಿರುತ್ತದೆ, ನಿಧಾನಕ್ಕೆ ಉರಿಯುತ್ತದೆ. ಒತ್ತಡದ ಶಿಖರ ಪಿಸ್ಟನ್ ಮೇಲಿನಿಂದ ತುಸು ಇಳಿದ ಹೊತ್ತಿಗೆ ಬರಬೇಕಾದರೆ ಕಿಡಿ ಬೇಗ ಹಾರಬೇಕು. ತಡವಾದರೆ ಉರಿ ನಿಷ್ಕಾಸದ ಕೊಳವೆಯಲ್ಲಿ ಮುಗಿಯುತ್ತದೆ, ಹೆಡರುಗಳು ಕಾಯುತ್ತವೆ, ರೇಡಿಯೇಟರಿನ ಬಿಸಿ ಏರುತ್ತದೆ.

ಕೆಲಸ ಶುರುಮಾಡುವ ಮುನ್ನ ಟೈಮಿಂಗ್ ಗುರುತೇ ಸರಿಯಿದೆಯೇ ನೋಡಿ. ಹಳೆಯ ಸ್ಮಾಲ್ ಬ್ಲಾಕ್‌ಗಳಲ್ಲಿ (350 ಸೇರಿದ ಷೆವರ್ಲೆ ವಿ8 ಕುಟುಂಬ) ಕ್ರ್ಯಾಂಕಿನ ತುದಿಯ ಡ್ಯಾಂಪರಿನ ಹೊರ ಉಂಗುರ ರಬ್ಬರಿನ ಮೇಲೆ ಜಾರಿ, ಗೆರೆ ಹತ್ತಾರು ಡಿಗ್ರಿ ಸರಿದಿರುವುದುಂಟು. ಸ್ಪಾರ್ಕ್ ಪ್ಲಗ್ ತೂತಿಗೆ ಪಿಸ್ಟನ್ ತಡೆಗೋಲು ತಿರುಗಿಸಿ, ಬ್ಯಾಟರಿ ಬಿಚ್ಚಿ, ಕ್ರ್ಯಾಂಕನ್ನು ಕೈಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ ನಿಂತ ಎರಡು ಜಾಗಗಳನ್ನು ಗುರುತಿಸಿ. ಅವುಗಳ ನಟ್ಟನಡುವೆ ಇರುವುದೇ ನಿಜವಾದ ಮೇಲ್ತುದಿ.

ಆಮೇಲೆ ವ್ಯಾಕ್ಯೂಮ್ ಕೊಳವೆ ಬಿಚ್ಚಿ ಮುಚ್ಚಿ, ಎಂಜಿನ್ನನ್ನು 3,000 ಸುತ್ತಿಗೆ ಏರಿಸಿ, ಹಳೆಯ ಕಬ್ಬಿಣದ ಹೆಡ್ಡುಗಳ 350ಕ್ಕೆ ಟೈಮಿಂಗನ್ನು ಮೇಲ್ತುದಿಗಿಂತ 34ರಿಂದ 36 ಡಿಗ್ರಿ ಮುಂಚಕ್ಕೆ ನಿಲ್ಲಿಸಿ. ಷೆವರ್ಲೆಯ ನಂತರದ ವೋರ್ಟೆಕ್ ಹೆಡ್ಡುಗಳಲ್ಲಿ ಉರಿ ವೇಗವಾಗಿ ಹರಡುವುದರಿಂದ 32ರ ಆಸುಪಾಸು ಸಾಕು. ಕೊಳವೆ ಮತ್ತೆ ಜೋಡಿಸಿದಾಗ 10ರಿಂದ 15 ಡಿಗ್ರಿ ಹೆಚ್ಚಬೇಕು. ಹೆದ್ದಾರಿಯಲ್ಲಿ ಒಟ್ಟು 46ರಿಂದ 50 ಡಿಗ್ರಿ ನೋಡಿ ಗಾಬರಿಯಾಗಬೇಕಿಲ್ಲ, ಹಗುರ ಹೊರೆಯಲ್ಲಿ ಅದು ಸಹಜ. ಹಗುರ ಥ್ರಾಟಲ್ಲಿನಲ್ಲಿ ಗಾಡಿ ಸಣ್ಣಗೆ ಜಗ್ಗಿದರೆ ಅಥವಾ ‘ಕಿಣಿಕಿಣಿ’ ಬಡಿತ ಕೇಳಿದರೆ ವ್ಯಾಕ್ಯೂಮ್ ಪಾಲನ್ನು 2ರಿಂದ 4 ಡಿಗ್ರಿ ಇಳಿಸಿ. ಯಾಂತ್ರಿಕ ಅಡ್ವಾನ್ಸನ್ನು (ಸುತ್ತು ಏರಿದಂತೆ ಕಿಡಿಯನ್ನು ಬೇಗ ಹಾರಿಸುವ ಭಾಗ) ಮುಟ್ಟಬೇಡಿ. ಹೊಂದಿಸಬಲ್ಲ ವ್ಯಾಕ್ಯೂಮ್ ಡಬ್ಬಿಗಳಿಗೆ ಕೊಳವೆಯ ಬಾಯಿಂದಲೇ 3/32 ಇಂಚಿನ ಅಲೆನ್ ಕೀ ಹಾಕಿ ಸ್ಪ್ರಿಂಗನ್ನು ಬಿಗಿ ಸಡಿಲ ಮಾಡಬಹುದು.

ಕಾರ್ಬುರೇಟರ್

ಕಾರ್ಬುರೇಟರ್ ಎಷ್ಟು ದೊಡ್ಡದಿರಬೇಕು? 350 ಘನ ಇಂಚನ್ನು 5,500 ಸುತ್ತಿನಿಂದ ಗುಣಿಸಿ 3,456ರಿಂದ ಭಾಗಿಸಿದರೆ 557 ಬರುತ್ತದೆ. ಎಂಜಿನ್ ಶೇ. 85ರಷ್ಟು ತುಂಬಿಕೊಳ್ಳುತ್ತದೆಂದರೆ ನಿಮಿಷಕ್ಕೆ ಬೇಕಾದ ಗಾಳಿ 473 ಘನ ಅಡಿ. 600 ಘನ ಅಡಿಯ ಕಾರ್ಬುರೇಟರ್ ಧಾರಾಳ. 750ರ ಡಬಲ್ ಪಂಪರ್ (ಪೆಟ್ರೋಲು ಚಿಮ್ಮಿಸುವ ಎರಡು ಪಂಪುಗಳಿರುವ ಕಾರ್ಬುರೇಟರ್) ಕೂರಿಸಿದಾಗ ವೆಂಚುರಿಯಲ್ಲಿ (ಕಾರ್ಬುರೇಟರಿನ ಕಿರಿದಾದ ಗಂಟಲು) ಗಾಳಿಯ ವೇಗ ತಗ್ಗಿ ಪೆಟ್ರೋಲು ಸರಿಯಾಗಿ ಹನಿಯೊಡೆಯುವುದಿಲ್ಲ, ಪ್ರತಿ ಸಲ ಪೆಡಲ್ ಮುಟ್ಟಿದಾಗಲೂ ಪಂಪು ಒಂದಿಷ್ಟು ಚಿಮ್ಮಿಸುತ್ತದೆ. ಹಳೆ ಸಾಮಾನಿನ ಅಂಗಡಿಯಲ್ಲಿ ರೋಚೆಸ್ಟರ್ ಕ್ವಾಡ್ರಾಜೆಟ್ ಸಿಕ್ಕರೆ ಬಿಡಬೇಡಿ. ಮುಂದಿನ ಎರಡು ಗಂಟಲು ಚಿಕ್ಕವು, ಹಿಂದಿನವು ದೊಡ್ಡವು. ಹೆದ್ದಾರಿಯಲ್ಲಿ ಚಿಕ್ಕವೇ ಕೆಲಸ ಮಾಡುತ್ತವೆ. ನೋಡಲು ಚಂದವಿಲ್ಲವೆಂದು ಅದನ್ನು ಎಸೆದವರು ತುಂಬ ಜನ.

ಮಿಶ್ರಣ ನೋಡಲು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕು, ಪ್ಲಗ್ಗಿನ ಬಣ್ಣ ನೋಡಿ ಊಹಿಸುವ ಕಾಲ ಮುಗಿಯಿತು. ಹೆಡರ್ ಕೊಳವೆಗಳು ಕೂಡುವ ಜಾಗದ ನಂತರ, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಬೆಸುಗೆ ಹಾಕಿ. ಕೆಳಮುಖವಾಗಿದ್ದರೆ ನೀರು ಕೂತು ಸೆನ್ಸರ್ ಸಾಯುತ್ತದೆ. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 10 ಎಥೆನಾಲ್ ಇರುವ ಪೆಟ್ರೋಲು. ಅದರ ಪೂರ್ಣ ದಹನಕ್ಕೆ ಬೇಕಾದ ಗಾಳಿ-ಪೆಟ್ರೋಲು ತೂಕದ ಅನುಪಾತ 14.7 ಅಲ್ಲ, 14.1 ಹತ್ತಿರ. ಆದ್ದರಿಂದ ಮೀಟರನ್ನು ಲ್ಯಾಂಬ್ಡಾ ಅಳತೆಗೆ (ಪೂರ್ಣ ದಹನಕ್ಕೆ 1, ಅದಕ್ಕಿಂತ ಹೆಚ್ಚಿದ್ದರೆ ತೆಳು ಮಿಶ್ರಣ) ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ 1.03ರಿಂದ 1.05, ಪೂರ್ತಿ ತುಳಿದಾಗ 0.86ರಿಂದ 0.88. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವೆಂದು ತೋರುತ್ತದೆ, ಕಿಡಿ ತಪ್ಪಿದಾಗಲೂ ಹಾಗೇ. ಅದನ್ನು ನಂಬಿ ಜೆಟ್ ಹಿಗ್ಗಿಸಿದವರು ಇದ್ದ ಮೈಲೇಜನ್ನೂ ಕಳೆದುಕೊಳ್ಳುತ್ತಾರೆ.

ಎಡೆಲ್‌ಬ್ರಾಕ್ 1406ರಲ್ಲಿ ಮೀಟರಿಂಗ್ ರಾಡುಗಳನ್ನು (ಜೆಟ್ಟಿನೊಳಗೆ ಇಳಿದು ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ ಕಡ್ಡಿಗಳು) ಬದಲಿಸುವುದು ಕೆಲವೇ ನಿಮಿಷದ ಕೆಲಸ, ಕಾರ್ಬುರೇಟರ್ ಬಿಚ್ಚಬೇಕಿಲ್ಲ. ಕಂಪನಿಯ ಪಟ್ಟಿಯಲ್ಲಿ ಒಂದೊಂದು ಮೆಟ್ಟಿಲೂ ಶೇ. 4ರಷ್ಟು ವ್ಯತ್ಯಾಸ. ಒಂದೊಂದೇ ಮೆಟ್ಟಿಲು ತೆಳುಮಾಡುತ್ತಾ ಹೋಗಿ. ಪೆಡಲ್ ಸ್ಥಿರವಾಗಿದ್ದರೂ ಗಾಡಿ ಅಲೆಯಂತೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದ ಹಾಗಾದರೆ ಮಿತಿ ಮುಟ್ಟಿತು, ಒಂದು ಮೆಟ್ಟಿಲು ಹಿಂದೆ ಬನ್ನಿ.

ಹಾಲಿಯಲ್ಲಿ ಬೇರೊಂದು ತೊಡಕಿದೆ. ಹಗುರ ಗಾಡಿಗೆ ದೊಡ್ಡ ಕಾರ್ಬುರೇಟರ್ ಇದ್ದಾಗ ಗಂಟೆಗೆ 90 ಕಿ.ಮೀ. ವೇಗದಲ್ಲೂ ಎಂಜಿನ್ ಬಹುಮಟ್ಟಿಗೆ ಐಡಲ್ ದಾರಿಯಿಂದ ಬರುವ ಪೆಟ್ರೋಲಿನಲ್ಲೇ ಓಡುತ್ತಿರಬಹುದು, ಮುಖ್ಯ ಜೆಟ್ಟಿನ ಸರದಿ ಬಂದೇ ಇರುವುದಿಲ್ಲ. ಜೆಟ್ ಎರಡು ಸಂಖ್ಯೆ ಇಳಿಸಿದರೂ ಮೀಟರ್ ಕದಲದಿದ್ದರೆ ಇದೇ ಕಾರಣ. ಆಗ ತಿದ್ದಬೇಕಾದದ್ದು ಐಡಲ್ ಪೆಟ್ರೋಲಿನ ಕಿರುತೂತು. ಅದರೊಳಗೆ ಕೂದಲಿನಷ್ಟು ತೆಳು ತಾಮ್ರದ ತಂತಿ ಬಗ್ಗಿಸಿ ಕೂರಿಸಿದರೆ ಹರಿವು ತಗ್ಗುತ್ತದೆ, ಬೇಡವಾದರೆ ತೆಗೆಯಬಹುದು. ಪವರ್ ವಾಲ್ವನ್ನೂ (ಹೊರೆ ಬಿದ್ದು ವ್ಯಾಕ್ಯೂಮ್ ಇಳಿದಾಗ ಹೆಚ್ಚುವರಿ ಪೆಟ್ರೋಲು ಬಿಡುವಂಥದು) ಪರೀಕ್ಷಿಸಿ. ಐಡಲಿನಲ್ಲಿ ವ್ಯಾಕ್ಯೂಮ್ 13 ಇಂಚು (ಪಾದರಸದ ಅಳತೆ) ಇರುವ ಎಂಜಿನ್ನಿಗೆ 6.5ರ ವಾಲ್ವ್ ಸರಿ. ದೊಡ್ಡ ಕ್ಯಾಮ್ ಹಾಕಿ ವ್ಯಾಕ್ಯೂಮ್ 7ಕ್ಕೆ ಇಳಿದಿದ್ದರೆ 3.5 ಬೇಕು, ಇಲ್ಲವಾದರೆ ಐಡಲಿನಲ್ಲೇ ಅದು ತೆರೆದುಕೊಳ್ಳುವ ಅಪಾಯವಿದೆ.

ಮೂರು ಸ್ಟ್ರಾಮ್‌ಬರ್ಗ್ 97 ಕಾರ್ಬುರೇಟರುಗಳನ್ನು ಸಾಲಾಗಿ ಕೂರಿಸುವ ಫ್ಲಾಟ್‌ಹೆಡ್ (ಫೋರ್ಡಿನ ಹಳೆಯ ವಿ8 ಎಂಜಿನ್) ಪ್ರಿಯರು ಪೆಟ್ರೋಲಿನ ಒತ್ತಡವನ್ನು 2.5ರಿಂದ 3 ಪಿಎಸ್‌ಐ ಒಳಗೆ ಇಡಬೇಕು. ಇಂದಿನ ಪಂಪುಗಳು ಕೊಡುವ 6 ಪಿಎಸ್‌ಐ ಸೂಜಿಯನ್ನು ತಳ್ಳಿ ಉಕ್ಕಿಸುತ್ತದೆ. ಮಧ್ಯದ್ದು ಮೊದಲು ತೆರೆದು ಉಳಿದವು ಆಮೇಲೆ ಸೇರುವ ಲಿಂಕೇಜ್ ಇದ್ದರೆ ಖರ್ಚು ಹಿಡಿತದಲ್ಲಿರುತ್ತದೆ. ಆದರೂ ಫ್ಲಾಟ್‌ಹೆಡ್ಡಿನಿಂದ ಹೆಚ್ಚು ನಿರೀಕ್ಷಿಸಬಾರದು. 6ರ ಕಂಪ್ರೆಷನ್ನಿಗೆ ಆದರ್ಶ ಚಕ್ರದ ದಕ್ಷತೆ ಶೇ. 51, 9.5ಕ್ಕೆ ಶೇ. 59. ಜೆಟ್ಟುಗಳನ್ನು ಎಷ್ಟು ತಿದ್ದಿದರೂ ಆ ಅಂತರ ತುಂಬುವುದಿಲ್ಲ. ಆ ಎಂಜಿನ್ನನ್ನು ಅದರ ದನಿಗಾಗಿ, ಅದರ ಇತಿಹಾಸಕ್ಕಾಗಿ ಇಟ್ಟುಕೊಳ್ಳುವುದೇ ಸರಿ.

ತಾನೇ ಕಲಿಯುವ ಥ್ರಾಟಲ್ ಬಾಡಿ ಇಂಜೆಕ್ಷನ್ ಹಾಕಿದರೆ ಚಳಿಯಲ್ಲಿ ಶುರುವಾಗುವ ಕಷ್ಟ ತಪ್ಪುತ್ತದೆ. ಆದರೆ ಚೆನ್ನಾಗಿ ಹೊಂದಿಸಿದ ಕಾರ್ಬುರೇಟರಿಗಿಂತ ಹೆದ್ದಾರಿಯಲ್ಲಿ ದೊಡ್ಡ ಲಾಭವನ್ನು ಅದು ತಾನಾಗಿ ಕೊಡದು. ಹೆದ್ದಾರಿಯ ಗುರಿ ಅನುಪಾತವನ್ನು ನೀವೇ ತೆಳುವಾಗಿಸಬೇಕು, ಟೈಮಿಂಗನ್ನೂ ಅದರ ಕೈಗೇ ಕೊಡಬೇಕು. 1999ರ ನಂತರದ ಟ್ರಕ್ಕುಗಳ 5.3 ಲೀಟರ್ ಎಂಜಿನ್, ಅದರದೇ ಕಂಪ್ಯೂಟರ್ ಮತ್ತು 4ಎಲ್60ಇ ಗೇರುಪೆಟ್ಟಿಗೆಯೊಂದಿಗೆ ಇಡಿಯಾಗಿ ತಂದು ಕೂರಿಸಿದರೆ ಮಾತ್ರ ಲೆಕ್ಕ ಬೇರೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರು, ಪ್ರತ್ಯೇಕ ಕಾಯಿಲ್ ಇರುವ ಅದು ಹಗುರ ಮೈಯಲ್ಲಿ 350ನ್ನು ಸುಲಭವಾಗಿ ಹಿಂದಿಕ್ಕುತ್ತದೆ.

ಉರುಳುವಿಕೆ ಮತ್ತು ಬ್ರೇಕು

ಥರ್ಮೋಸ್ಟಾಟ್ 160 ಡಿಗ್ರಿ ಫ್ಯಾರನ್‌ಹೀಟಿನದು ಇದ್ದರೆ ತೆಗೆದು 180ರದು ಹಾಕಿ, ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕು. ಎಂಜಿನ್ ತಿರುಗಿಸುವ ಫ್ಯಾನಿನ ಬದಲು ಥರ್ಮೋಸ್ಟಾಟ್ ಸ್ವಿಚ್ಚಿನ ವಿದ್ಯುತ್ ಫ್ಯಾನ್ ಹಾಕಿದರೆ ಹೆದ್ದಾರಿಯಲ್ಲಿ ಅದು ಸುಮ್ಮನಿರುತ್ತದೆ. ಹಳೆ ನೋಟಕ್ಕಾಗಿ ಬಯಾಸ್ ಪ್ಲೈ ಟೈರು ಹಾಕಿದವರಿಗೆ ರೇಡಿಯಲ್ಲಿಗಿಂತ ಉರುಳುವ ತಡೆ ಹೆಚ್ಚು. ಮುಂದಿನ ಚಕ್ರಗಳ ಟೋ-ಇನ್ (ಚಕ್ರಗಳ ಮುಂತುದಿ ಒಳಕ್ಕೆ ವಾಲಿರುವ ಅಳತೆ) ರೇಡಿಯಲ್ಲಿಗೆ 1/16ರಿಂದ 1/8 ಇಂಚು ಸಾಕು.

ಕೊನೆಗೆ ಬಹಳ ಕಟ್ಟುಗಾರರ ಕಣ್ಣಿಗೆ ಬೀಳದ ಒಂದು ಜಾಗ. ಹಾಟ್‌ರಾಡಿನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ನೆಲಹಾಸಿನ ಕೆಳಗಿರುತ್ತದೆ, ಚಕ್ರಗಳ ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಎಣ್ಣೆ ಹಿಂದಕ್ಕೆ ಹರಿದುಹೋಗದಂತೆ ಕೊಳವೆಯಲ್ಲಿ ಒತ್ತಡ ಉಳಿಸುವ ವಾಲ್ವ್ ಹಾಕುತ್ತಾರೆ. ಡಿಸ್ಕಿಗೆ 2 ಪಿಎಸ್‌ಐ, ಡ್ರಮ್ಮಿಗೆ 10. ಇವೆರಡು ಅದಲುಬದಲಾದರೆ, ಅಥವಾ ಒಳಗೆ ಆಗಲೇ ವಾಲ್ವ್ ಇರುವ ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಡಿಸ್ಕಿಗೆ ಬಳಸಿದರೆ, ಪ್ಯಾಡುಗಳು ಸದಾ ಡಿಸ್ಕನ್ನು ಸವರುತ್ತಿರುತ್ತವೆ. ಪೆಡಲಿನ ಕೋಲಿಗೆ ತುಸು ಸಡಿಲ ಇಲ್ಲದಿದ್ದರೂ ಇದೇ ಪಾಡು. ಪರೀಕ್ಷೆ ಸುಲಭ. ಇಪ್ಪತ್ತು ಕಿ.ಮೀ. ಓಡಿಸಿ, ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲಲು ಬಿಟ್ಟು, ಇನ್ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಡಿಸ್ಕುಗಳ ಬಿಸಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಆ ಕ್ಯಾಲಿಪರಿನ ಪಿಸ್ಟನ್ ಸಿಕ್ಕಿಕೊಂಡಿದೆ. ಮುಂದಿನ ಎರಡೂ ಒಟ್ಟಿಗೆ ಕಾದಿದ್ದರೆ ವಾಲ್ವನ್ನು ಬಿಚ್ಚಿ ಅದರ ಮೇಲಿನ ಸಂಖ್ಯೆ ಓದಿ.